ಗೂಡುದೀಪ ಸೊಟ್ಟಗಾದರೆ ಕಾಗದವನ್ನು ಬೈಯಬೇಡಿ

ದೀಪಾವಳಿಗೆಂದು ಮಕ್ಕಳ ಜೊತೆ ಕೂತು ಮಾಡಿದ ಗೂಡುದೀಪ (ಆಕಾಶಬುಟ್ಟಿ) ಎರಡೇ ದಿನಕ್ಕೆ ಸೊಟ್ಟಗಾಯಿತು, ಕಾಗದ ಜೋತು ಬಿತ್ತು, ಇನ್ನೂ ದಪ್ಪ ಕಾಗದ ತರಬೇಕಾ ಅಂತ ಕೇಳಿದ್ದೀರಿ. ಬೇಡ. ನೀವು ಕಳಿಸಿದ ಫೋಟೋದಲ್ಲಿ ಕಡ್ಡಿ ಇನ್ನೂ ಹಸಿರಾಗಿದೆ. ಬೆಳಗ್ಗೆ ಬಿದಿರು ಕಡಿದು ಸಂಜೆಗೆ ಗೂಡು ಕಟ್ಟಿದ್ದೀರಿ, ಅಲ್ವಾ? ನಮ್ಮ ಮನೆಯಲ್ಲೂ ಹಿಂದೆ ಇದೇ ಆಗಿತ್ತು. ಹಸಿ ಬಿದಿರು ಒಣಗುತ್ತಾ ಬಾಗುತ್ತದೆ, ಸಣ್ಣಗಾಗುತ್ತದೆ, ಬಿಗಿದ ದಾರ ಸಡಿಲ ಬೀಳುತ್ತದೆ. ಸೀಳಿ ನೆರಳಲ್ಲಿ ಒಂದು ವಾರವಾದರೂ ಒಣಗಿಸಿ. ಅಡಿಕೆ ಮರ ಸೀಳಿದ ದಬ್ಬೆಯೂ ಆಗುತ್ತದೆ, ಆದರೆ ಸಿಬಿರು ಜಾಸ್ತಿ. ಮಕ್ಕಳ ಕೈಗೆ ಕೊಡುವ ಮೊದಲು ಉಪ್ಪುಕಾಗದದಲ್ಲಿ ಉಜ್ಜಿ.

ಆಮೇಲೆ ನಾಲ್ಕು ಕಡ್ಡಿ ಸೇರಿಸಿ ಕಟ್ಟುವ ಚೌಕ. ಹೆಚ್ಚಿನವರು ಎಡವುವುದು ಇಲ್ಲೇ. ಆರು ಚೌಕಗಳನ್ನು ಮೂಲೆಗೆ ಮೂಲೆ ಕಟ್ಟಿದರೆ ನಡುವೆ ಎಂಟು ತ್ರಿಕೋನ ತಾನಾಗಿ ಬರುತ್ತದೆ. ಒಂದು ಚೌಕ ಓರೆಯಾದರೂ ಕೊನೆಯ ಮೂಲೆ ಸೇರುವುದಿಲ್ಲ. ಆಗ ಎಳೆದು ಬಿಗಿದು ಕಟ್ಟುತ್ತೇವೆ, ಗೂಡು ತಿರುಚಿಕೊಳ್ಳುತ್ತದೆ. ಚೌಕ ಕಟ್ಟಿದ ಕೂಡಲೇ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ನೋಡಿ. 30 ಸೆಂಟಿಮೀಟರ್ ಕಡ್ಡಿಯಾದರೆ ಎರಡೂ ಕಡೆ 42ಕ್ಕೆ ಸ್ವಲ್ಪ ಮೇಲೆ ಬರಬೇಕು. ಅಳೆಯುವ ಕೆಲಸ ಮಕ್ಕಳಿಗೇ ಬಿಡಿ, ನಮಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಗೂಡುದೀಪ ಸ್ಪರ್ಧೆ ಆಗುತ್ತದಲ್ಲ, ಹೋದರೆ ಸಾಂಪ್ರದಾಯಿಕ ಗೂಡುಗಳ ಮೂಲೆ ನೋಡಿ ಬನ್ನಿ. ಸುಮ್ನೆ ಸೆಲ್ಫಿ ತೆಗೆದು ಬರಬೇಡಿ.

ಅಂಟಿಗೆ ಫೆವಿಕಾಲ್ ಯಾಕೆ ಸ್ವಾಮಿ? ಅದು ಮರಕ್ಕೆ ಚೆನ್ನ. ಗಾಳಿಪಟದ ಕಾಗದಕ್ಕೆ ಮೈದಾ ಅಂಟೇ ಸರಿ, ಅಂಟಿಸಿದ ಮೇಲೂ ಸ್ವಲ್ಪ ಸರಿಸಿ ಕೂರಿಸಬಹುದು. ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು, ಗಂಟಿಲ್ಲದೆ ಕದಡಿ, ಹೊಳಪು ಬರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ. ಹುಳ ಬರಬಾರದೆಂದು ಹಿರಿಯರು ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದರು. ಅದು ವಿಷ, ಮಕ್ಕಳು ಕೈ ಹಾಕುವ ಅಂಟಿಗೆ ಖಂಡಿತ ಬೇಡ. ಅಂಟು ಒಣಗಿದ ಮೇಲೆ ಕಾಗದದ ನಡುವೆ ತೆಳ್ಳಗೆ ನೀರು ಸಿಂಪಡಿಸಿದರೆ ಒಣಗುತ್ತಾ ಬಿಗಿಯಾಗುತ್ತದೆ. ಅಂಚಿಗೆ ನೀರು ತಾಗಿಸಬೇಡಿ. ಕೆಲವು ಕಾಗದ ಬಣ್ಣ ಬಿಡುತ್ತದೆ, ಮೊದಲು ಒಂದು ಚೂರಿನ ಮೇಲೆ ನೋಡಿಕೊಳ್ಳಿ. ಗಾಜಿನಂತೆ ಆಚೆ ಕಾಣುವ ಗ್ಲಾಸ್ ಪೇಪರಿಗೆ ಈ ಉಪಾಯ ನಡೆಯುವುದಿಲ್ಲ.

ಒಳಗೆ 60 ವ್ಯಾಟಿನ ಹಳೆ ಬಲ್ಬ್ ಕಾಣುತ್ತಿದೆ. ಇವತ್ತೇ ತೆಗೆಯಿರಿ. 5 ವ್ಯಾಟಿನ ಎಲ್‌ಇಡಿ ಧಾರಾಳ ಸಾಕು. ಹೋಲ್ಡರನ್ನು ಅಡ್ಡಕಡ್ಡಿಗೆ ಕಟ್ಟಿ, ವೈರಿನ ಮೇಲೆ ಭಾರ ಬಿಡಬೇಡಿ. ಮೇಲಿನ ಚೌಕಕ್ಕೂ ಕೆಳಗಿನ ಚೌಕಕ್ಕೂ ಕಾಗದ ಬೇಡ, ಬಿಸಿ ಹೋಗಬೇಕು, ಕೈಯೂ ಹೋಗಬೇಕು. ದೀಪಾವಳಿ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಸಂಜೆ ಗುಡುಗು ಮಳೆ ಇದ್ದದ್ದೇ, ಮಾಡಿನ ಒಳಗೇ ತೂಗುಹಾಕಿ.

ತೀರಾ ಚಿಕ್ಕ ಮಕ್ಕಳಿದ್ದರೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಯಲ್ಲಿ ಅಂಗೈಯಷ್ಟು ಗೂಡು ಮಾಡಿಸಿ, ಬಲ್ಬ್ ಬೇಡ. ಹಬ್ಬ ಮುಗಿದ ಮೇಲೆ ದೊಡ್ಡ ಗೂಡನ್ನು ಎಸೆಯಬೇಡಿ. ಕಾಗದ ಕಿತ್ತು, ಕಡ್ಡಿಯ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅಟ್ಟದಲ್ಲಿ ನೇತುಹಾಕಿ. ಮೈದಾ ಉಳಿದರೆ ಜಿರಲೆ ಬರುತ್ತದೆ, ನೆಲಕ್ಕಿಟ್ಟರೆ ಗೆದ್ದಲು.