ನಿಧಿಯ ಮಾತು ಆಮೇಲೆ, ಮೊದಲು ಬಾಕಿ

ಪತ್ರ: ಜೀನ್ಸ್ ಹೊಲಿಸಿ ಸಗಟು ಅಂಗಡಿಗಳಿಗೆ ಕೊಡುತ್ತೇನೆ. ಬೆಂಗಳೂರಿನ ಹೂಡಿಕೆದಾರರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಕೀನ್ಯಾದಲ್ಲಿ ಮೊಬೈಲ್‌ನಲ್ಲೇ ಹಣ ಕಳಿಸುವ ಎಂ-ಪೆಸಾ ಬೆಳೆಯಲಿಲ್ಲವೇ? ಹೊಸ ಉದ್ಯಮಗಳಲ್ಲಿ ಪಾಲು ಪಡೆದು ಹಣ ಹೂಡುವ ವೆಂಚರ್ ನಿಧಿ ಕಲ್ಯಾಣ ಕರ್ನಾಟಕಕ್ಕೆ ಸ್ವಂತದ್ದು ಏಕಿಲ್ಲ? ಆರು ತಿಂಗಳ ಬಾಕಿ ಬೇರೆ ಬರಬೇಕಿದೆ.
— ಓದುಗರೊಬ್ಬರು, ಬಳ್ಳಾರಿ

ಉತ್ತರ: ನಿಧಿಯ ಬಗ್ಗೆ ಅಷ್ಟುದ್ದ ಬರೆದು, ಬಾಕಿಯ ಮಾತನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ.

ವೆಂಚರ್ ಹಣ ಬೇಡವೆನ್ನುವವನು ನಾನಲ್ಲ. 2007ರಲ್ಲಿ ಪುಸ್ತಕ ಮಾರುತ್ತ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲಿಗೆ 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟಿತು. ಅಂಥ ಓಟಕ್ಕೆ ಬ್ಯಾಂಕಿನ ಸಾಲ ಸಾಲದು, ಒಪ್ಪಿದೆ. ಆದರೆ ಹತ್ತು ಕಡೆ ಹೂಡಿ ಒಂಬತ್ತು ಮುಳುಗಿದರೂ ಒಂದು ಮುಗಿಲು ಮುಟ್ಟಲಿ ಎಂಬುದು ಆ ಹಣದ ಲೆಕ್ಕ. ವರ್ಷಕ್ಕೆ ನಾಲ್ಕು ಹೊಲಿಗೆ ಯಂತ್ರ ಸೇರಿಸಿಕೊಂಡು ಬೆಳೆಯುವವರು, ಲಾಭದಲ್ಲಿದ್ದರೂ, ಆ ಹೂಡಿಕೆದಾರರ ಕಣ್ಣಿಗೆ ಮುಳುಗಿದ ಒಂಬತ್ತರ ಸಾಲಿನವರೇ. ಇನ್ನು ಎಂ-ಪೆಸಾದ ಮೊದಲ ಪ್ರಯೋಗಕ್ಕೆ ದುಡ್ಡು ಹಾಕಿದ್ದು ವೊಡಾಫೋನ್ ಮತ್ತು ಬ್ರಿಟನ್ ಸರ್ಕಾರದ ಅನುದಾನ. ಯಾವ ವೆಂಚರ್ ನಿಧಿಯೂ ಅಲ್ಲ. ನೀವಾದರೂ ವಿಚಾರಿಸಿ ಬರೆಯಬೇಕಿತ್ತು.

ಒಮ್ಮೆ ದೀಪಾವಳಿಗೆ ಮುಂಚೆ ನಿಮ್ಮೂರಿನ ಘಟಕವೊಂದಕ್ಕೆ ಹೋಗಿದ್ದೆ. ಕಟಿಂಗ್ ಮೇಜಿನ ಮೇಲೆ ಡೆನಿಮ್ ಥಾನು ಬಿಚ್ಚದೆ ಬಿದ್ದಿತ್ತು. ಹಬ್ಬದ ಆರ್ಡರ್ ಕೈಯಲ್ಲಿದೆ, ಜಿಪ್ಪು ಗುಂಡಿ ತರಲು ದುಡ್ಡಿಲ್ಲ. ಯುಗಾದಿಗೆ ಕಳಿಸಿದ ಮಾಲಿನ ಹಣವೇ ಬಂದಿರಲಿಲ್ಲ. ತಗಾದೆಗೆ ಫೋನ್ ಮಾಡಿದರೆ 'ಮುಂದಿನ ವಾರ' ಎಂಬ ಉತ್ತರ. ಮಾಲೀಕರು ಕೈಸಾಲ ತಂದು ಹೊಲಿಗೆಯವರ ಕೂಲಿ ಕೊಟ್ಟರು. ಬಳ್ಳಾರಿಯ ಸಣ್ಣ ಉದ್ಯಮಿ ತಾನು ಬಡ್ಡಿ ಕಟ್ಟಿ, ಊರಾಚೆಯ ದೊಡ್ಡ ವ್ಯಾಪಾರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ. ನನಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಕಾಯ್ದೆ ಇಲ್ಲವೆಂದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಕಿರು, ಸಣ್ಣ ಉದ್ಯಮದ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಿದವನಿಗೆ ಮುಂದಿನ ಆರ್ಡರ್ ತಪ್ಪುತ್ತದೆಂಬ ಭಯ, ಅದಕ್ಕೇ ಯಾರೂ ಕೇಳುವುದಿಲ್ಲ. 2016ರಲ್ಲಿ ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆ ಬಂದಾಗಿನಿಂದ ಉದ್ಯಮ ಹುಟ್ಟಿಸುವ ಸಮಾವೇಶಗಳಿಗೆ ಬರವಿಲ್ಲ. ಹುಟ್ಟಿದ್ದು ಉಸಿರಾಡುತ್ತಿದೆಯೇ ಎಂದು ನೋಡಲು ಯಾರು ಬರುತ್ತಾರೆ? ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನಕ್ಕಾಗಿ ಬೀದಿಗಿಳಿದ ನಾಡು ನಮ್ಮದು. ಬಿಲ್ಲಿನ ಹಣಕ್ಕಾಗಿ ಒಂದು ಧರಣಿಯನ್ನೂ ನಾನು ಕಂಡಿಲ್ಲ.

ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಬಾಕಿ ಎಷ್ಟು, ಎಷ್ಟು ದಿನದ್ದು ಎಂದು ನಮಗೂ ಬರೆಯಿರಿ. ನಿಮ್ಮ ಹೆಸರು ಬಿಟ್ಟೇ ಪ್ರಕಟಿಸುತ್ತೇವೆ.