ಮೊಜಾಂಬಿಕ್‌ನ ಬಂದೂಕುಗಳು ಏನಾದವು?

ಮೊಜಾಂಬಿಕ್‌ನ ಅಂತರ್ಯುದ್ಧ 1992ರಲ್ಲಿ ನಿಂತ ಮೇಲೆ ಸೈನಿಕರ ಕೈಯಲ್ಲಿದ್ದ ಆಯುಧಗಳೆಲ್ಲ ಏನಾದವು ಎಂದು ನೀವು ಕೇಳಿದ್ದೀರಿ. ಆ ಯುದ್ಧವನ್ನು ಕೊನೆಗೊಳಿಸಿದ ರೋಮ್ ಶಾಂತಿ ಒಪ್ಪಂದದ ನಂತರ ವಿಶ್ವಸಂಸ್ಥೆಯ ಪಡೆ ಭಾರಿ ಸಂಖ್ಯೆಯಲ್ಲಿ ಆಯುಧಗಳನ್ನು ಸಂಗ್ರಹಿಸಿತಾದರೂ ಅವುಗಳಲ್ಲಿ ಹೆಚ್ಚಿನವು ನಾಶವಾಗಲಿಲ್ಲ. ಇನ್ನೆಷ್ಟೋ ಬಂದೂಕುಗಳು ನೆಲದಡಿ ಅಡಗಿಯೇ ಉಳಿದವು. ಹೀಗಾಗಿ 1995ರಲ್ಲಿ ಅಲ್ಲಿನ ಕ್ರೈಸ್ತ ಮಂಡಳಿಯು, ಬಿಷಪ್ ದಿನಿಸ್ ಸೆಂಗುಲಾನೆ ಅವರ ಮುಂದಾಳತ್ವದಲ್ಲಿ, ಬಂದೂಕು ತಂದೊಪ್ಪಿಸಿದವರಿಗೆ ಗುದ್ದಲಿ, ಹೊಲಿಗೆ ಯಂತ್ರ, ಸೈಕಲ್ಲುಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿತು.

ಹಾಗೆ ಬಂದ ಆಯುಧಗಳನ್ನು ನಿಷ್ಕ್ರಿಯಗೊಳಿಸಿ, ತುಂಡರಿಸಿ ಕಲಾವಿದರಿಗೆ ಒಪ್ಪಿಸಲಾಯಿತು. ಕೆಸ್ಟರ್ ಎಂಬ ಕಲಾವಿದರು 2001ರಲ್ಲಿ ಅವುಗಳನ್ನು ಬೆಸೆದು ಮಾಡಿದ ಸಿಂಹಾಸನ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಎತ್ತರದ ಬೆನ್ನೊರಗಿನಲ್ಲಿ ಎರಡು ಹಳೆಯ ಬಂದೂಕುಗಳು ತಲೆಕೆಳಗಾಗಿ ನಿಂತಿದ್ದು, ಹೆಗಲಿಗೆ ಒತ್ತಿಕೊಳ್ಳುವ ತುದಿಗಳಲ್ಲಿನ ರಂಧ್ರಗಳು ಕಣ್ಣು-ಬಾಯಿಗಳಂತೆ ಕಂಡು, ಎರಡು ಮುಖಗಳು ನಮ್ಮನ್ನೇ ನೋಡುತ್ತಿರುವಂತೆ ತೋರುತ್ತದೆ. ಆ ಬಂದೂಕುಗಳಲ್ಲಿ ಒಂದೂ ಮೊಜಾಂಬಿಕ್‌ನಲ್ಲಿ ತಯಾರಾದದ್ದಲ್ಲ ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಅವುಗಳಿಗೆ ಬಲಿಯಾದವರು ಆ ನೆಲದವರೇ.

ನೆಲಬಾಂಬುಗಳನ್ನು ಹೀಗೆ ವಿನಿಮಯ ಮಾಡಿಕೊಳ್ಳಲು ಸಾಧ್ಯವಿರಲಿಲ್ಲ. ಒಂದೊಂದನ್ನೇ ಹುಡುಕಿ ತೆಗೆಯಬೇಕಾದ್ದರಿಂದ, ದೇಶ ಅವುಗಳಿಂದ ಮುಕ್ತವಾಯಿತೆಂದು ಘೋಷಿಸುವ ಹೊತ್ತಿಗೆ 2015 ಬಂದಿತ್ತು. ಸೈನಿಕರ ವಿಷಯ ಅದಕ್ಕಿಂತಲೂ ನಿಧಾನವಾಯಿತು. ಅಂತರ್ಯುದ್ಧದಲ್ಲಿ ಸರ್ಕಾರದ ವಿರುದ್ಧ ಕಾದಾಡಿದ್ದ ರೆನಾಮೊ ಬಣದ ಹೋರಾಟಗಾರರು 2013ರಲ್ಲಿ ಮತ್ತೆ ಘರ್ಷಣೆಗಿಳಿದರು. 2019ರ ಒಪ್ಪಂದದಂತೆ ಅವರಲ್ಲಿ 5,000ಕ್ಕೂ ಹೆಚ್ಚು ಮಂದಿ ಆಯುಧ ಕೆಳಗಿಟ್ಟು, ಕೊನೆಯ ನೆಲೆ ಮುಚ್ಚಿದ್ದು 2023ರ ಜೂನ್‌ನಲ್ಲಿ, ಅಂದರೆ ರೋಮ್ ಒಪ್ಪಂದವಾಗಿ ಮೂವತ್ತು ವರ್ಷಗಳು ಕಳೆದ ಮೇಲೆ.