ನೆಟ್ಟಲ್ಲಿ ಓದಿದ್ದನ್ನ ಗೆರೆ ಎಳೆದು ಇಟ್ಕೊಳ್ಳೋದು ಹೇಗೆ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಇತಿಹಾಸ ಎಂಎ ಓದ್ತಿದೀನಿ, ಪ್ರಾಜೆಕ್ಟು ಬೇಲೂರು ಕಡೆಯ ಹೊಯ್ಸಳ ಶಾಸನಗಳ ಮೇಲೆ. ಓದೋದೆಲ್ಲ ನೆಟ್ಟಲ್ಲೇ. ಬೇಕಾದ ಸಾಲನ್ನ ವಾಟ್ಸಾಪಲ್ಲಿ ನನಗೆ ನಾನೇ ಕಳಿಸ್ಕೋತೀನಿ, ಆಮೇಲೆ ಎಲ್ಲಿಂದ ತಗೊಂಡಿದ್ದು ಅಂತಾನೇ ಗೊತ್ತಾಗಲ್ಲ. ಪೇಜ್ ಮೇಲೇ ಗೆರೆ ಎಳೆದು ಪಕ್ಕದಲ್ಲಿ ನೋಟ್ ಬರೆಯೋಕೆ ಯಾವ ಟೂಲ್ ಒಳ್ಳೇದು? ದುಡ್ಡು ಕೊಡೋ ಹಾಗಿರಬಾರದು.
– ಓದುಗಿ, ಹಾಸನ

ಉತ್ತರ: ಯಾವ ಟೂಲ್ ಆದ್ರೂ ಸರಿ, ಸೇರೋ ಮುಂಚೆ ನಿಮ್ಮ ನೋಟ್ಸೆಲ್ಲ ಹೊರಗೆ ತಗೊಳ್ಳೋಕೆ ಆಗುತ್ತಾ ಅಂತ ನೋಡಿ. ನೆಟ್ಟಲ್ಲಿ ಸಿಕ್ಕಿದ್ದನ್ನ ಆಮೇಲೆ ಓದೋಕೆ ಸೇವ್ ಮಾಡೋ ಆ್ಯಪ್‌ಗಳಲ್ಲಿ ಓಮ್ನಿವೋರ್ 2024ರ ನವೆಂಬರಲ್ಲಿ ನಿಂತೋಯ್ತು, ಪಾಕೆಟ್‌ನ ಮೊಜಿಲ್ಲಾದವರು 2025ರ ಜುಲೈಲಿ ಮುಚ್ಚಿದ್ರು, ಎರಡನ್ನೂ ನಂಬಿಕೊಂಡು ವರ್ಷಗಟ್ಲೆ ಸೇವ್ ಮಾಡಿದ್ದವರು ಎಷ್ಟೋ ಜನ. ಅದಕ್ಕೇ ಮೊದಲ ದಿನವೇ ನಾಲ್ಕೈದು ನೋಟ್ ಹಾಕಿ ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲಲ್ಲಿ ಸಾಲು, ಲಿಂಕು, ನಿಮ್ಮ ಮಾತು ಮೂರೂ ಇದ್ಯಾ ನೋಡಿ, ಇಲ್ಲ ಅಂದ್ರೆ ಅದು ಬೇಡ.

ನಿಮ್ಮ ಕೆಲಸಕ್ಕೆ ನಾನು ಹೇಳೋದು ಜೊಟೆರೊ, ಓದಿದ ಲೇಖನ, ಪುಸ್ತಕಗಳನ್ನ ಎಲ್ಲಿಂದ ತಗೊಂಡಿದ್ದು ಅನ್ನೋದರ ಸಮೇತ ಜೋಡಿಸಿಡೋ ಪ್ರೋಗ್ರಾಮು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಶುರುವಾಗಿದ್ದು, ಓಪನ್ ಸೋರ್ಸು, ಪೂರ್ತಿ ಫ್ರೀ. 2022ರ 6ನೇ ಆವೃತ್ತಿಯಿಂದ ಪಿಡಿಎಫ್ ಮೇಲೆ ಒಳಗೇ ಗೆರೆ ಎಳೀಬಹುದು, 2024ರ 7ನೇದರಿಂದ ಸೇವ್ ಮಾಡಿದ ವೆಬ್ ಪೇಜ್ ಮೇಲೂ ಆಗುತ್ತೆ. ಆ ಪೇಜಿನ ಕಾಪಿ ನಿಮ್ಮ ಲ್ಯಾಪ್‌ಟಾಪಲ್ಲೇ ಕೂತಿರುತ್ತೆ, ನಾಳೆ ಆ ಸೈಟೇ ಹೋದ್ರೂ ನಿಮ್ಮ ಗೆರೆ ಹೋಗಲ್ಲ. ಸಿಂಕ್ ಅಂದ್ರೆ ಫೈಲುಗಳನ್ನ ನೆಟ್ಟಲ್ಲೂ ಇಟ್ಟು ಬೇರೆ ಕಂಪ್ಯೂಟರಲ್ಲೂ ಸಿಗೋ ಹಾಗೆ ಮಾಡೋದು, ಅದಕ್ಕೆ ಫ್ರೀ ಜಾಗ 300 ಎಂಬಿ ಮಾತ್ರ, ಆದ್ರೆ ಸಿಂಕ್ ಬೇಡ ಅಂದ್ರೆ ನಿಮ್ಮ ಲ್ಯಾಪ್‌ಟಾಪಲ್ಲಿ ಎಷ್ಟು ಜಾಗ ಇದ್ಯೋ ಅಷ್ಟೂ ನಿಮ್ಮದೇ.

ಗೆಳತಿಯರು, ಗೈಡು ಎಲ್ಲ ಸೇರಿ ಒಂದೇ ಲೇಖನ ಓದೋದಾದ್ರೆ ಮಾತ್ರ ವೆಬ್ ಪೇಜ್ ಮೇಲೇ ಗೆರೆ ಎಳೆದು ನೋಟ್ ಬರೆಯೋ ಹೈಪೊಥಿಸಿಸ್ ಅನ್ನೋ ಟೂಲ್ ಚೆನ್ನಾಗಿರುತ್ತೆ, ಗ್ರೂಪ್ ಮಾಡ್ಕೊಂಡು ಪೇಜ್ ಪಕ್ಕದಲ್ಲೇ ಚರ್ಚೆ ಮಾಡಬಹುದು. ಪೋಸ್ಟ್ ಒತ್ತೋ ಮುಂಚೆ ಪಬ್ಲಿಕ್ ಅಂತಿದ್ಯಾ, ನಿಮಗೆ ಮಾತ್ರ ಅಂತಿದ್ಯಾ ನೋಡ್ಕೊಳ್ಳಿ. ಇದು ನೀವು ಆರಿಸಿದ ಪದಗಳು, ಅದರ ಹಿಂದೆಮುಂದೆ ಇರೋ ಒಂದಿಷ್ಟು ಅಕ್ಷರ, ಇಷ್ಟನ್ನ ನೆನಪಿಟ್ಕೊಂಡು ಜಾಗ ಹುಡುಕುತ್ತೆ, ಪೇಜಿನವರು ಆ ಸಾಲನ್ನೇ ತಿದ್ದಿಬಿಟ್ರೆ ನೋಟ್ ಉಳಿಯುತ್ತೆ, ಜಾಗ ತಪ್ಪುತ್ತೆ.

ಇನ್ನು ಕನ್ನಡದ ವಿಷಯ, ಇದನ್ನ ಯಾವ ಟೂಲಿನವರೂ ಹೇಳಲ್ಲ. ನುಡಿ, ಬರಹ ಸಾಫ್ಟ್‌ವೇರುಗಳ ಹಳೇ ಫಾಂಟಲ್ಲಿ ಮಾಡಿದ ಪಿಡಿಎಫ್ ನೋಡೋಕೆ ಕನ್ನಡವೇ, ಗೆರೆನೂ ಬೀಳುತ್ತೆ, ಆದ್ರೆ ನೋಟಿಗೆ ಬರೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಣ್ಣಿಗೆ ಕಾಣ್ತಿರೋ 'ಬೇಲೂರು' ಅನ್ನೋ ಪದವನ್ನ ಆ ಫೈಲಲ್ಲೇ ಸರ್ಚ್ ಕೊಡಿ, ಸಿಗಲಿಲ್ಲ ಅಂದ್ರೆ ಬಹುಪಾಲು ಹಳೇ ಫಾಂಟು, ಇಲ್ಲ ಸ್ಕ್ಯಾನು. ಹಳೇ ಫಾಂಟಾದ್ರೆ ಅದನ್ನ ಈಗಿನ ಸಾಮಾನ್ಯ ಕನ್ನಡ ಅಕ್ಷರಕ್ಕೆ ತಿರುಗಿಸೋ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ ತಗೋಬಹುದು. ಶಾಸನಗಳನ್ನ ಸಂಗ್ರಹಿಸಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳ ಥರ ಸ್ಕ್ಯಾನ್ ಆಗಿದ್ರೆ ಜೊಟೆರೊದಲ್ಲಿ ಶಾಸನದ ಭಾಗಕ್ಕೆ ಚೌಕ ಎಳೆದು ಚಿತ್ರವಾಗೇ ಇಟ್ಕೊಂಡು ಪಾಠವನ್ನ ಕೈಯಾರೆ ಟೈಪ್ ಮಾಡಿ. ಗೂಗಲ್ ಡ್ರೈವಿನ ಓಸಿಆರ್, ಅಂದ್ರೆ ಚಿತ್ರದಲ್ಲಿರೋ ಅಕ್ಷರವನ್ನ ಟೆಕ್ಸ್ಟ್ ಮಾಡೋ ಸೌಲಭ್ಯ, ಕನ್ನಡ ಓದುತ್ತೆ ನಿಜ, ಆದ್ರೆ ಹಳಗನ್ನಡದ ಱ, ೞ ಬಂದ ಕಡೆ ಅದನ್ನ ನಂಬಬೇಡಿ, ಮೂಲದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ.

ಇನ್ನೊಂದು, ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬಿ.ಎಲ್. ರೈಸ್ ಅವರ ಹಳೇ ಆವೃತ್ತಿಲಿ ಹಾಸನ ಜಿಲ್ಲೆ 5ನೇ ಸಂಪುಟ, ಮೈಸೂರಿನ ಹೊಸ ಆವೃತ್ತಿಲಿ ಬೇಲೂರು 9ನೇದು, ಶಾಸನದ ನಂಬರೂ ಬೇರೆ. ಬರೀ ನಂಬರ್ ಬರೆದಿಟ್ರೆ ಆರು ತಿಂಗಳಾದ ಮೇಲೆ ನಿಮಗೇ ಗೊತ್ತಾಗಲ್ಲ, ಪ್ರತಿ ನೋಟಲ್ಲೂ ಆವೃತ್ತಿ ಯಾವುದು ಅಂತ ಬರೀರಿ.

ಪ್ರಶ್ನೆ: ನಮ್ಮದು ಕೊಪ್ಪದ ಹತ್ರ ಕಾಫಿ ತೋಟ. ಬೋರರ್ ಹುಳ, ಗೊಬ್ಬರ ಅಂತ ಫೋನಲ್ಲಿ ಓದಿದ್ದು ಬೇಕಾದಾಗ ಸಿಗಲ್ಲ, ಮಳೆಗಾಲದಲ್ಲಂತೂ ನೆಟ್‌ವರ್ಕೇ ಇರಲ್ಲ. ಏನು ಮಾಡೋದು?
– ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಆಂಡ್ರಾಯ್ಡ್ ಫೋನಿನ ಕ್ರೋಮಲ್ಲಿ ಎಕ್ಸ್‌ಟೆನ್ಷನ್, ಅಂದ್ರೆ ಬ್ರೌಸರಿಗೆ ಸೇರಿಸೋ ಚಿಕ್ಕ ಟೂಲ್, ಹಾಕೋಕಾಗಲ್ಲ, ಫೈರ್‌ಫಾಕ್ಸಲ್ಲಿ ಆಗುತ್ತೆ. ಅದಕ್ಕೆ ಪೇಜನ್ನ ಸೇವ್ ಮಾಡೋ ಅಬ್ಸಿಡಿಯನ್ ವೆಬ್ ಕ್ಲಿಪ್ಪರ್ ಹಾಕಿ, ಜೊತೆಗೆ ನೋಟ್ಸ್ ಇಟ್ಕೊಳ್ಳೋ ಅಬ್ಸಿಡಿಯನ್ ಆ್ಯಪ್, ಎರಡೂ ಫ್ರೀ. ಓದಿದ್ದು ಸಾದಾ ಟೆಕ್ಸ್ಟ್ ಫೈಲಾಗಿ ನಿಮ್ಮ ಫೋನಲ್ಲೇ ಉಳಿಯುತ್ತೆ, ನೆಟ್‌ವರ್ಕ್ ಇಲ್ದೆನೂ ತೆಗೆದು ಓದಬಹುದು. ಆದ್ರೆ ಚಿತ್ರಗಳು ತಾವಾಗೇ ಇಳಿಯಲ್ಲ, ಹುಳದ ಫೋಟೋ, ಔಷಧಿ ಪ್ರಮಾಣದ ಪಟ್ಟಿ ಫೋಟೋ ರೂಪದಲ್ಲಿದ್ರೆ ಬೇರೆಯಾಗಿ ಸೇವ್ ಮಾಡ್ಕೊಳ್ಳಿ. ಔಷಧಿ ವಿಷಯ ಇಟ್ಕೊಳ್ಳೋವಾಗ ಅದು ಯಾವ ವರ್ಷದ ಸಲಹೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳಿದ್ದಾ ಇಲ್ಲ ಅಂಗಡಿಯವರದ್ದಾ ಅಂತ ಮೊದಲ ಸಾಲಲ್ಲೇ ಬರೆದಿಡಿ, ಸಲಹೆಗಳು ಬದಲಾಗ್ತಾ ಇರ್ತವೆ.